ನಿಲ್ಲಿಸಿದ ಮುಖ

ಅಂಚೆ ಕಾರ್ಡಿನ ಅಳತೆಯ ಕಪ್ಪು-ಬಿಳಿ ಫೋಟೋಕ್ಕೆ ನಾಲ್ಕು ರೂಪಾಯಿ. ಬಣ್ಣದ್ದು ಬೇಕೆಂದರೆ ಎಂಟು, ಅದನ್ನೂ ಹುಬ್ಬಳ್ಳಿಗೆ ಕಳಿಸಿ ತೊಳೆಸಿ ತರಿಸಬೇಕು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿ ಗಾಜು, ಕಟ್ಟು ಹಾಕಿಸಿದರೆ ಎಂಬತ್ತು. ಸತ್ತವರ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುವುದಕ್ಕೆ ಬೇರೆ ಹತ್ತು, ಕಣ್ಣಿಗೆ ಐದರಂತೆ. ಮದುವೆಯ ವಿಡಿಯೋಕ್ಕೆ, ಹಾಡು ಕೂಡಿಸಿ ಎರಡು ಕ್ಯಾಸೆಟ್ಟು ಕೊಡುವ ಮಾತಿನ ಮೇಲೆ, ಹದಿನಾಲ್ಕು ನೂರು. ವಿಡಿಯೋದೊಳಗಿನ ಮುಖವನ್ನು ಹೊರಗೆ ತೆಗೆದು ಫೋಟೋ ಮಾಡಿಕೊಡಲು ಎಷ್ಟು ಎಂದು ಕೇಳಿದರೆ ಕಲಘಟಗಿಯ ಫೋಟೋದ ಕಾಸೀಮಸಾಬ ಹಣೆ ತುರಿಸಿಕೊಂಡು, "ಅದಕ್ಕಿನ್ನೂ ರೇಟ್ ಹುಟ್ಟಿಲ್ರೀ ಸೆಕ್ರೆಟರಿಯವರ. ಇಲ್ಲೀತನಾ ಯಾರೂ ಕೇಳಿಲ್ಲ" ಎಂದಿದ್ದ.

ಆ ಮಾತು ಕುಬೇರಪ್ಪನಿಗೆ ಹಿಡಿಸಿರಲಿಲ್ಲ. ದೇವಿಕೊಪ್ಪದ ಸೊಸೈಟಿಯ ಸೆಕ್ರೆಟರಿಯಾಗಿ ಗೊಬ್ಬರ, ಬೀಜ, ಸಾಲ ಎಲ್ಲದರ ಬೆಲೆ ನೋಡುತ್ತಲೇ ಅವನ ಕೂದಲು ಹಣ್ಣಾಗಿತ್ತು. ಬೆಲೆ ಗೊತ್ತಿಲ್ಲದ ವಸ್ತುವನ್ನು ಮನೆಗೆ ತಂದರೆ ಅದು ತನ್ನ ಬೆಲೆಯನ್ನು ತಾನೇ ವಸೂಲು ಮಾಡುತ್ತದೆ ಎಂಬುದು ಅವನ ತಿಳಿವಳಿಕೆ. ಈಗ ಕಲಘಟಗಿಯ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದ. ಹೊರಗೆ ಜಿಟಿಜಿಟಿ ಮಳೆ, ಭತ್ತದ ಗದ್ದೆಗಳಲ್ಲಿ ನೀರು. ಕಿಟಕಿಯ ಕಡೆಗೆ ಯಮನೂರಿಗೆ ಕೊಟ್ಟ ಅಕ್ಕ ಗುರವ್ವ, ಅವಳ ತೊಡೆಯ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿದ ಅವ್ವನ ಫೋಟೋ. ಬಸ್ಸು ಕುಲುಕಿದಾಗಲೆಲ್ಲ ಪೇಪರು ಜಾರಿ ಒಂದು ಕಣ್ಣು ಹೊರಗೆ ಕಾಣುತ್ತಿತ್ತು. ಕುಬೇರಪ್ಪ ಮುಖ ತಿರುಗಿಸುತ್ತಿದ್ದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಿದ್ದ. ಆ ಕಣ್ಣು ಕಾಸೀಮಸಾಬ ಬರೆದದ್ದು. ಅವ್ವ ತೀರಿಕೊಂಡ ದಿನ ಪದ್ಧತಿಯಂತೆ ಅವಳನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿ, ಗದ್ದಕ್ಕೆ ಕಟ್ಟಿದ ಅರಿವೆಯನ್ನು ಒಂದು ಗಳಿಗೆ ಬಿಚ್ಚಿ, ಅಕ್ಕಪಕ್ಕದಲ್ಲಿ ಮಕ್ಕಳೆಲ್ಲ ಕೂತು ಫೋಟೋ ತೆಗೆಸಿದ್ದರು. ಅದರಲ್ಲಿ ಅವ್ವನನ್ನಷ್ಟೇ ಬಿಡಿಸಿಕೊಂಡು ಕಾಸೀಮಸಾಬ ಕಣ್ಣು ತೆರೆಸಿದ್ದ. ಕೆಲಸ ಕೆಟ್ಟದ್ದಲ್ಲ. ಕಣ್ಣು ದುಂಡಗೆ, ಕರ್ರಗೆ, ಎದುರಿಗೆ ಯಾರೇ ನಿಂತರೂ ಅವರನ್ನೇ ನೋಡುವಂತೆ ಇದ್ದವು. ಮಠದ ಸ್ವಾಮಿಗಳೂ ಚೆನ್ನಾಗಿದೆ ಅಂದರು. ಗುರವ್ವ ಮಾತ್ರ ಕಟ್ಟು ಹಾಕಿಸಿ ತಂದ ಫೋಟೋವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದು ಅವ್ವ ಅಲ್ಲ. ಅವ್ವ ಯಾರನ್ನೂ ಹಿಂಗ ನೆಟ್ಟಗ ನೋಡಿದಾಕಿ ಅಲ್ಲ" ಅಂದಿದ್ದಳು.

ಅಂದ ಮೇಲೆ ಮನೆಯವರಿಗೆಲ್ಲ ಹಾಗೆಯೇ ಕಾಣತೊಡಗಿತು. ಶಿವಗಣಾರಾಧನೆಯ ದಿನ ಹತ್ತಿರ ಬರುತ್ತಿತ್ತು. ಅಂದು ಫೋಟೋ ಇಟ್ಟು ಪೂಜೆ, ಊರಿಗೆಲ್ಲ ಊಟ, ಹುಬ್ಬಳ್ಳಿಯ ಬೀಗರು ಬರುವವರು, ಸ್ವಾಮಿಗಳು ಎರಡು ಮಾತು ಆಡುವವರು. ಏನು ಆಡುತ್ತಾರೆಂದು ಕುಬೇರಪ್ಪನಿಗೆ ಗೊತ್ತಿತ್ತು, ಏಕೆಂದರೆ ಮಣ್ಣು ಮಾಡಿದ ದಿನವೇ ಆಡಿದ್ದರು. ತಾಯಿಯನ್ನು ದೇವರ ಹಾಗೆ ನೋಡಿಕೊಂಡ ಮಗ. ಆ ಮಾತು ಅವನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತ್ತು. ಸುಳ್ಳೂ ಅಲ್ಲ. ಮೊಣಕಾಲು ನೋವಿಗೆ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋಗಿದ್ದು ಯಾರು? ಕೊನೆಯ ಚಳಿಗಾಲದಲ್ಲಿ ಅವಳಿಗೆ ಬೇರೆ ಕಂಬಳಿ ತಂದದ್ದು, ಎಲೆ-ಅಡಿಕೆ ಕುಟ್ಟಿ ಕೊಡಲು ಸಣ್ಣ ಕಲಬತ್ತು ತಂದದ್ದು? ಆದರೆ ಅವಳು ಬದುಕಿದ್ದಾಗಿನ ಫೋಟೋ ಒಂದೂ ಮನೆಯಲ್ಲಿ ಇರಲಿಲ್ಲ. ವೈಶಾಖದಲ್ಲಿ ಮಗಳು ಸುಶೀಲವ್ವನ ಮದುವೆಯಲ್ಲಿ ರೀಲುಗಟ್ಟಲೆ ಫೋಟೋ ತೆಗೆದರೂ, ಗುಂಪು ಕೂಡ್ರಿಸಿದಾಗ ಅವ್ವ ಇರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಕುಬೇರಪ್ಪ ಒಂದೇ ಉತ್ತರ ಕೊಡುತ್ತ ಬಂದಿದ್ದ: ಅವ್ವಗ ಫೋಟೋ ಅಂದ್ರ ನಾಚಿಕಿ, ಕರದ್ರೂ ಬರಲಿಲ್ಲ. ಎಷ್ಟು ಸಲ ಹೇಳಿದ್ದನೆಂದರೆ ಒಳಗೋಣೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ಒಲ್ಲೆ ಒಲ್ಲೆ ಎನ್ನುವ ಅವ್ವ ಅವನ ಕಣ್ಣಿಗೆ ಕಟ್ಟಿದ ಹಾಗೆ ಇದ್ದಳು.

"ವಿಡಿಯೋದಾಗ ಎಲ್ಲೆರೆ ಸಿಗತಾಳ" ಎಂದು ಗುರವ್ವ ಬಸ್ಸಿನಲ್ಲಿ ಅಂದಳು, ತನಗೇ ಹೇಳಿಕೊಂಡ ಹಾಗೆ. "ಇಡೀ ದಿನಾ ಕಾಸೀಮಸಾಬ ಆ ವಿಡಿಯೋ ದೀಪಾ ಹಿಡಕೊಂಡು ಅಡ್ಡಾಡ್ಯಾನ. ಅಡಿಗಿ ಮನಿ ಬೆಕ್ಕು ಸೈತ ಬಂದೈತಿ. ಅವ್ವ ಬರದನ ಇರತಾಳೇನು?"

"ಮನ್ಯಾಗಿನ ಕ್ಯಾಸೆಟ್ ನಾ ನೋಡೀನಲ್ಲ. ಇಲ್ಲಕ್ಕ."

"ಅದು ಹಾಡಿನ ಕ್ಯಾಸೆಟ್ಟು. ಅದರಾಗ ಮಂದಿ ಎಲ್ಲಿದಾರ, ಬರೇ ಹೂವು ತಿರಗತಾವು."

ಕಾಸೀಮಸಾಬನ ಅಂಗಡಿ ಬಸ್ಸು ನಿಲ್ಲುವಲ್ಲಿಂದ ದೂರವಿರಲಿಲ್ಲ. ಮುಂದೆ ಗಾಜಿನ ಪೆಟ್ಟಿಗೆ, ಅದರೊಳಗೆ ನಗುವ ಮದುಮಕ್ಕಳು. ಹಿಂದೆ ಪರದೆ ಎಳೆದ ಕೋಣೆ, ಗೋಡೆಗೆ ಮೆಟ್ಟಿಲು, ತೋಟ, ಹಂಸ ಬರೆದ ಬಟ್ಟೆ. ಅದಕ್ಕೂ ಹಿಂದೆ ಅವನ ಮನೆ. ಕೋಣೆಯಲ್ಲಿ ಫೋಟೋ ತೊಳೆಯುವ ನೀರಿನ ಹುಳಿ ವಾಸನೆ. ಮೊದಲು ಬೆತ್ತದ ಕುರ್ಚಿ ಇದ್ದ ಜಾಗದಲ್ಲಿ ಈಗ ಕಲರ್ ಟಿವಿ, ಅದರ ಕೆಳಗೆ ವಿಸಿಆರ್, ಬದಿಗೆ ಹಾಡು ಕೂಡಿಸಲು ಟೇಪ್‌ರೆಕಾರ್ಡರು, ಒಂದರಿಂದ ಇನ್ನೊಂದಕ್ಕೆ ಕರಿ ವಾಯರುಗಳು. ಬರಬರುತ್ತ ಎಲ್ಲವೂ ಒಂದಕ್ಕೊಂದು ಗಂಟುಬಿದ್ದಿವೆ, ಇನ್ನು ಕೆಲ ದಿನಕ್ಕೆ ನಾನೂ ಇದರಾಗ ಒಂದು ವಾಯರು ಆಗತೀನಿ ಎಂದು ಕಾಸೀಮಸಾಬ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಇಂದು ಹೇಳಲಿಲ್ಲ. ಟ್ರಂಕಿನಿಂದ ಒಂದು ಕ್ಯಾಸೆಟ್ಟು ತೆಗೆದು, ಒರೆಸಿ, ಮತ್ತೆ ಒರೆಸಿದ.

"ನಿಮ್ಮ ನಸೀಬ ಛಲೋ ಐತ್ರಿ. ಇದು ಅಸಲಿ ಕ್ಯಾಸೆಟ್ಟು, ಕ್ಯಾಮರಾದಾಗಿಂದು. ಮದುವಿ ಸೀಜನ್ ಚಾಲೂ ಆಗಿದ್ರ ಇಷ್ಟೊತ್ತಿಗೆ ಇದರ ಮ್ಯಾಲ ಬ್ಯಾರೇದವರ ಮದುವಿ ಕುಂತಿರ್ತಿತ್ತು."

"ಇದರಾಗ ಅವ್ವ ಅದಾಳೇನು?" ಗುರವ್ವ ನಿಂತುಕೊಂಡೇ ಕೇಳಿದಳು.

"ಒಂದು ತುಕಡಾ ಐತ್ರಿ, ಅಕ್ಕಾರ. ಊಟದ್ದು. ಹಾಡು ಕೂಡಸೂ ಮುಂದ ನಾನ ತಗದ ಬಿಟ್ಟೆ."

"ಯಾಕ ತಗದ್ರಿ?"

ಕಾಸೀಮಸಾಬ ಕುಬೇರಪ್ಪನ ಕಡೆ ನೋಡಲಿಲ್ಲ. "ಚಂದ ಇದ್ದಿದ್ದಿಲ್ರಿ" ಎಂದ. ಆಮೇಲೆ, "ಅಕ್ಕಾರ, ನೀವು ಒಳಗ ನಮ್ಮ ಮನ್ಯಾಗ ಕುಂದರ್ರಿ. ನಾವಿಬ್ಬರು ನೋಡಿ ಛಲೋ ಇದ್ದಲ್ಲಿ ನಿಂದರಿಸಿ ನಿಮ್ಮನ್ನ ಕರಿತೀವಿ."

"ನಮ್ಮವ್ವನ ಮಾರಿ ನೋಡಾಕ ನಾ ಯಮನೂರಿಂದ ಬಂದೀನ್ರಿ ಸಾಬ್ರ. ಒಳಗ್ಯಾಕ ಕುಂದರ್ಲಿ?"

ಅವಳು ಸ್ಟೂಲು ಎಳೆದುಕೊಂಡು ಟಿವಿಯ ಎದುರಿಗೇ ಕೂತಳು. ಕಾಸೀಮಸಾಬ ಕಿಟಕಿ ಮುಚ್ಚಿ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿದ. ಪರದೆಯ ಮೇಲೆ ಮಂದಿ ಇರುವೆಗಳಂತೆ ಹರಿದಾಡಿದರು. ಅಕ್ಕಿಕಾಳು ಎಲ್ಲರ ಕೈಯಿಂದ ಒಮ್ಮೆಲೇ ಹಾರಿದವು. ಎಲ್ಲೆಲ್ಲಿ ನೋಡಿದರೂ ಕೇಸರಿ ಪಟಕ ಸುತ್ತಿದ ಕುಬೇರಪ್ಪ ಬಾಗುತ್ತ, ಏಳುತ್ತ, ಕೈ ಮುಗಿಯುತ್ತ, ಓಡುತ್ತ ಇದ್ದ. "ನೋಡ ಇಂವನ್ನ, ಕೀಲಿ ಕೊಟ್ಟ ಗೊಂಬಿ" ಎಂದು ಗುರವ್ವ ನಕ್ಕಳು. ಅವನೂ ನಕ್ಕ. ಆ ದಿನದ ಹೆದರಿಕೆ ಅವನ ಬೆನ್ನಿಗೆ ಈಗಲೂ ಅಂಟಿದ ಹಾಗಿತ್ತು. ಬೆಳಿಗ್ಗೆ ಬೀಗರ ಬಿಡದಿಯಲ್ಲಿ ಸ್ನಾನದ ನೀರು ಆರಿತ್ತು ಎಂದು ಯಾರೋ ಗೊಣಗಿದ್ದರು. ಹುಬ್ಬಳ್ಳಿಯ ಮಂದಿ, ಬೀಗ ಶಂಭುಲಿಂಗಪ್ಪ ಕಂಪನಿಯೊಂದರಲ್ಲಿ ಮ್ಯಾನೇಜರಾಗಿದ್ದವರು, ವಿಡಿಯೋ ಬೇಕೆಂದವರೂ ಅವರೇ. ಈ ಕ್ಯಾಸೆಟ್ಟನ್ನು ಅವರ ಓಣಿಯವರೆಲ್ಲ ಕೂತು ನೋಡುವರು, ದೇವಿಕೊಪ್ಪದ ಕುಬೇರಪ್ಪನ ಮನೆ, ಗೋಡೆ, ಎಲೆ, ಪಲ್ಯ, ನೆಂಟರು ಎಲ್ಲವನ್ನೂ ನೋಡುವರು ಎಂದು ಅವನಿಗೆ ಕ್ಷಣಕ್ಷಣಕ್ಕೂ ನೆನಪಾಗುತ್ತಿತ್ತು. ಮಂದಿಯ ಕಣ್ಣಾದರೆ ನೋಡಿ ಮರೆಯುತ್ತದೆ. ಕ್ಯಾಸೆಟ್ಟಿಗೆ ಆ ಉಪಕಾರ ತಿಳಿಯದು.

ಕಾಸೀಮಸಾಬ ಓಟ ನಿಲ್ಲಿಸಿದ. ಒಮ್ಮೆಲೇ ಗದ್ದಲ ಕೋಣೆ ತುಂಬಿತು. ಮನೆಯ ಕ್ಯಾಸೆಟ್ಟಿನಲ್ಲಿ ಈ ಜಾಗದಲ್ಲಿ ಶಹನಾಯಿ ಇತ್ತು. ಇಲ್ಲಿ ಪಾತ್ರೆಯ ಸಪ್ಪಳ, ಕೂಸಿನ ಅಳು, "ಈ ಕಡೆ ಮಾದಲಿ ತರ್ರೆಪೋ" ಎಂಬ ಕೂಗು. ಬೀಗರ ಪಂಕ್ತಿ. ಎಲೆಗಳ ಮೇಲೆ ಎಲ್ಲ ಬಡಿಸಿದೆ, ಯಾರೂ ಕೈ ಇಟ್ಟಿಲ್ಲ. ಬೆಳಕು ಬೀಗರ ಮುಖದಿಂದ ಮುಖಕ್ಕೆ ಸರಿಯುತ್ತ ಬಂತು. ಆಗ ಚಿತ್ರದ ಎಡಗಡೆಯಿಂದ ಒಂದು ಮಾಸಿದ ಸೆರಗು ಅಡ್ಡ ಬಂದಿತು. ಬಾಗಿದ ಬೆನ್ನು. ಎರಡೂ ಕೈಯಲ್ಲಿ ಹಿತ್ತಾಳೆಯ ತುಪ್ಪದ ಗಿಂಡಿ. ಅವ್ವ, ರೇವವ್ವ. ಮೊಮ್ಮಗಳ ಗಂಡನಿಗೂ ಬೀಗರಿಗೂ ಮೊದಲ ತುಪ್ಪವನ್ನು ಮನೆಯ ಹಿರೇ ಹೆಂಗಸು ತನ್ನ ಕೈಯಿಂದ ನೀಡಬೇಕು, ನೀಡದೆ ಅವರು ತುತ್ತು ಎತ್ತಬಾರದು. ಆ ಮನೆಯಲ್ಲಿ ನಡೆದು ಬಂದ ರೀತಿ ಅದು. ಅದಕ್ಕೆಂದೇ ಅವಳು ಚಳಿಗಾಲದಿಂದ ಬೆಣ್ಣೆ ಕೂಡಿಹಾಕಿದ್ದಳು. ಬೆಳಕು ಮುಖಕ್ಕೆ ಹೊಡೆದು ಕಣ್ಣು ಕಿರಿದು ಮಾಡಿ, ಯಾವ ಕಡೆ ಹೆಜ್ಜೆ ಇಡಬೇಕೋ ತಿಳಿಯದೆ, ಆದರೂ ನಗುತ್ತ ನಿಂತಳು. ಬಲಗಡೆಯಿಂದ ಕೇಸರಿ ಪಟಕ ನುಗ್ಗಿ ಬಂತು.

"ಏ ಮುದುಕಿ, ನಿನ್ನ ಯಾರ ಕರದಾರ ಇಲ್ಲಿ? ಮಂದೀ ಮುಂದ ಮರ್ಯಾದಿ ಕಳೀಬ್ಯಾಡ. ಒಳಗ ಹೋಗಿ ಸಾಯಿಬೇ."

"ತುಪ್ಪಾ ಆರತೈತಪಾ, ಅದಕ್ಕ ಬಂದೆ."

ಪಟಕದವನ ಕೈ ಅವಳ ತೋಳು ಹಿಡಿದು ತಿರುಗಿಸಿತು. ಸೆರಗು ಚಿತ್ರದಿಂದ ಹೊರಗೆ ಹೋಯಿತು. ಪಟಕದವನು ಕ್ಯಾಮರಾದ ಕಡೆ ಮುಖ ಮಾಡಿ ಕೈ ಮುಗಿದು ನಕ್ಕ.

ಕಾಸೀಮಸಾಬ ನಿಲ್ಲಿಸಿದ. ಕುಬೇರಪ್ಪನ ನಗು ಪರದೆಯ ಮೇಲೆ ಬಿಳಿ ಗೆರೆಗಳ ನಡುವೆ ನಡುಗುತ್ತ ನಿಂತಿತು. ಕುಬೇರಪ್ಪನಿಗೆ ಮೊದಲು ಹೊಳೆದದ್ದು, ಇದು ನನ್ನ ದನಿ ಅಲ್ಲ ಎಂಬುದು. ಅವನ ದನಿ ಹೀಗೆ ತೆಳ್ಳಗೆ, ಮೂಗಿನಿಂದ ಬರುವಂಥದಲ್ಲ. ಸೊಸೈಟಿಯ ಸಭೆಯಲ್ಲಿ ಅವನ ದನಿಗೆ ಮಂದಿ ಸುಮ್ಮನಾಗುತ್ತಿದ್ದರು. ಎರಡನೆಯದಾಗಿ ಹೊಳೆದದ್ದು, ಒಳಗೋಣೆಯ ಬಾಗಿಲು. ಸೆರಗು ಬಾಯಿಗೆ ಹಿಡಿದ ಅವ್ವ. ಆ ಅವ್ವನನ್ನು ಯಾವತ್ತು ಕಂಡೆ, ಯಾವ ಸೀರೆ ಉಟ್ಟಿದ್ದಳು, ಯಾವ ಮಾತು ಆಡಿದಳು ಎಂದು ಹುಡುಕಿದರೆ ಬಾಗಿಲು ಮಾತ್ರ ಇತ್ತು, ಅವಳು ಇರಲಿಲ್ಲ. ಬಾಗಿಲೂ ಅವರ ಮನೆಯದಲ್ಲ, ಎಲ್ಲೋ ನೋಡಿದ ಬೇರೆ ಯಾರದೋ ಮನೆಯದು. ಹತ್ತು ಮಂದಿಗೆ ಹೇಳಿದ ಸುಳ್ಳನ್ನು ಹನ್ನೊಂದನೆಯವನಾಗಿ ತಾನೇ ಕೊಂಡಿದ್ದ.

"ಮುಖಾ ಸಿಗತೈತ್ರಿ" ಎಂದು ಕಾಸೀಮಸಾಬ ಕೆಲಸದ ದನಿ ತೆಗೆದ. "ಬೆಳಕು ಬಿದ್ದಾಗ ಕಣ್ಣು ಮುಚ್ಯಾರ, ಅದು ಬ್ಯಾಡ. ಇವರ ಕಡೆ ಹೊಳ್ಳಿ ನೋಡ್ಯಾರಲ್ಲ, ಅಲ್ಲಿ ಕಣ್ಣು ಪೂರಾ ತೆರದಾವು. ನಾ ಕ್ಯಾಮರಾಕ್ಕ ರೋಲ್ ಹಾಕ್ಕೊಂಡು ಬರ್ತೀನಿ." ಮಷೀನು ಬಂದ್ ಮಾಡಿ ಪಕ್ಕದ ಕತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ನಿಂತೇ ಹಾಕಬಹುದಾದ ರೋಲದು.

ಅಕ್ಕ ತಮ್ಮ ಇಬ್ಬರೇ ಉಳಿದರು. ಕುಬೇರಪ್ಪ ಬಟ್ಟೆಯ ಮೇಲೆ ಬರೆದ ಹಂಸವನ್ನು ನೋಡುತ್ತಿದ್ದ. ಅದರ ಕೊರಳು ಅಂಕೆ ಮೀರಿ ಉದ್ದವಾಗಿತ್ತು.

"ಆವತ್ತು ನನಗ ಭಾಳ ಗಾಬರಿ ಆಗಿತ್ತಕ್ಕ" ಎಂದ.

"ಅವ್ವನೂ ಹಂಗ ಅಂದ್ಲು."

"ಅವ್ವ ಏನ ಅಂದ್ಲು?"

"ಗಿಂಡಿ ಹಿಡಕೊಂಡು ಅಡಿಗಿಮನಿಗೆ ಬಂದ್ಲು. ಯಾಕಬೇ, ನೀಡಲಿಲ್ಲೇನು ಅಂದೆ. ಕುಬೇರ ಭಾಳ ದಣದಾನ, ನೀನ ಹೋಗಿ ನೀಡು ಅಂದ್ಲು. ನಾ ಹೋಗಿ ನೀಡಿದೆ." ಗುರವ್ವ ತೊಡೆಯ ಮೇಲಿನ ಪೇಪರನ್ನು ಸರಿಮಾಡಿದಳು. "ಆಮ್ಯಾಲೆ ಆಕಿ ಊಟಾ ಮಾಡಿದ್ಲೋ ಇಲ್ಲೋ ನನಗ ನೆನಪಿಲ್ಲ. ಅದನ್ನ ನೆನಸಾಕತ್ತೀನಿ."

ಅವಳು ಬೈದಿದ್ದರೆ ಕುಬೇರಪ್ಪನಿಗೆ ಅನುಕೂಲವಾಗುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ಅವನಿಗೆ ಗೊತ್ತಿತ್ತು. ನೀ ಯಮನೂರಾಗ ಕುಂತಿ, ಇಷ್ಟು ವರ್ಷ ಆಕೀನ ನೋಡಿದಾವ ನಾನು ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಕಾಯುತ್ತ ಕೂತಿತ್ತು. ಅದನ್ನು ಹಾಗೆಯೇ ನುಂಗಬೇಕಾಯಿತು.

ಕಾಸೀಮಸಾಬ ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು ಟಿವಿಯ ಎದುರಿಗೆ ನಿಲ್ಲಿಸಿದ. ಕೆಲಸ ಸುಲಭದ್ದಾಗಿರಲಿಲ್ಲ. ಮಷೀನಿನ ಗುಂಡಿ ಒತ್ತಿದರೆ ಚಿತ್ರ ಅವನು ಬೇಕೆಂದಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಸೆರಗಿನ ಮೇಲೆ ನಿಂತಿತು, ಒಮ್ಮೆ ಪಟಕದ ಮೇಲೆ. ನಿಂತರೂ ಬಿಳಿ ಗೆರೆಯೊಂದು ಅವ್ವನ ಬಾಯಿಯ ಮೇಲೋ ಕಣ್ಣಿನ ಮೇಲೋ ಹರಿಯುತ್ತಿತ್ತು. ಬಹಳ ಹೊತ್ತು ಒಂದೇ ಜಾಗದಲ್ಲಿ ನಿಲ್ಲಿಸಿದರೆ ರೀಲು ಸವೆಯುತ್ತದೆಂದು ಅವನು ಮತ್ತೆ ಹಿಂದಕ್ಕೆ ಓಡಿಸುತ್ತಿದ್ದ, ಮತ್ತೆ ಬಿಡುತ್ತಿದ್ದ. ಮತ್ತೆ ಮಾದಲಿ ತರ್ರೆಪೋ. ಮತ್ತೆ ಏ ಮುದುಕಿ. ಮೂರನೆಯ ಸಲಕ್ಕೆ ಕಾಸೀಮಸಾಬ ತಾನಾಗಿಯೇ ದನಿಯ ಗುಂಡಿಯನ್ನು ತಿರುಗಿಸಿ ಸಣ್ಣದು ಮಾಡಿದ. ಕುಬೇರಪ್ಪ ಉಸಿರು ಬಿಟ್ಟ.

"ದನಿ ಇರ್ಲಿ" ಎಂದಳು ಗುರವ್ವ.

"ಫೋಟೋಕ್ಕ ದನಿ ಬೇಕಾಗಿಲ್ರಿ ಅಕ್ಕಾರ."

"ನನಗ ಬೇಕು. ಅವ್ವ ಮಾತಾಡತಾಳ."

ದನಿ ಮತ್ತೆ ಏರಿತು. ಅವಳಿಗೆ ಕೇಳಬೇಕಾದದ್ದು ಎರಡನೆಯ ಮಾತು. ಅದರ ಮುಂದೆ ಮೊದಲನೆಯದು ಹೊಸ್ತಿಲ ಹಾಗೆ ಇತ್ತು, ದಾಟದೆ ಒಳಗೆ ಹೋಗಲು ಬರುತ್ತಿರಲಿಲ್ಲ. ಗುರವ್ವ ಮೊದಲನೆಯದಕ್ಕೆ ಕಣ್ಣು ಮುಚ್ಚುತ್ತಿದ್ದಳು, ಎರಡನೆಯದಕ್ಕೆ ತೆರೆಯುತ್ತಿದ್ದಳು. ತುಪ್ಪಾ ಆರತೈತಪಾ. ಹಿಂದೆ ಎಷ್ಟೋ ಸಲ ಇದೇ ದನಿ ರೊಟ್ಟಿ ಆರತೈತಪಾ ಅಂದಿತ್ತು, ಹಾಲು ಆರತೈತಪಾ ಅಂದಿತ್ತು; ಕುಬೇರಪ್ಪ ಗುಡಿಯ ಕಟ್ಟೆಯ ಮೇಲೆ ಹುಡುಗರ ಜೊತೆ ಕೂತು ಕೇಳಿಸಲಿಲ್ಲವೆಂಬಂತೆ ನಟಿಸುತ್ತಿದ್ದ, ಅವಳು ಗಂಗಾಳ ಮುಚ್ಚಿಕೊಂಡು ಅಲ್ಲಿಗೇ ಬರುತ್ತಿದ್ದಳು, ಹುಡುಗರು ನಗುತ್ತಿದ್ದರು, ಮತ್ತು ಈಗ ಕಾಸೀಮಸಾಬ "ನಿಮ್ಮ ಕೈ ಅಡ್ಡ ಬರಾಕತ್ತೈತ್ರಿ, ಸ್ವಲ್ಪ ತಡದು ಹಿಡಿದಿದ್ರ ಛಲೋ ಆಗತಿತ್ತು" ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯಲು ಕುಬೇರಪ್ಪನಿಗೆ ಒಂದು ಗಳಿಗೆ ಬೇಕಾಯಿತು.

ಅವನು ಅವ್ವನನ್ನು ನೋಡಲಾಗದೆ ಚಿತ್ರದ ಬೇರೆ ಮೂಲೆಗಳನ್ನು ನೋಡತೊಡಗಿದ. ಎಲೆಗಳು. ನೀರಿನ ತಂಬಿಗೆ. ತನ್ನದೇ ಬೆನ್ನು. ಹಾಗೆ ನೋಡುತ್ತಿರುವಾಗ ತನ್ನ ಬೆನ್ನಿನ ಆಚೆ, ಪಂಕ್ತಿಯ ಮೊದಲಲ್ಲಿ, ಶಂಭುಲಿಂಗಪ್ಪನವರು ಕಂಡರು. ಅವರು ಮುದುಕಿಯನ್ನು ನೋಡಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದ್ದರು. ಬಲಗೈಯನ್ನು ಬೊಗಸೆಯ ಹಾಗೆ ಬಗ್ಗಿಸಿ ಎಲೆಯ ಮೇಲೆ ಚಾಚಿದ್ದರು, ತುಪ್ಪ ನೀಡಿಸಿಕೊಳ್ಳುವವರು ಚಾಚುವ ಹಾಗೆ. ತುಟಿ ಆಡುತ್ತಿದ್ದವು. ಗದ್ದಲದಲ್ಲಿ ಕೇಳುವುದು ಕಷ್ಟ, ಆದರೆ ಏನೆಂದು ಊಹಿಸಬಹುದಿತ್ತು. ಬರ್ರಿ ಯವ್ವಾ, ನೀಡ್ರಿ. ಮುದುಕಿಯನ್ನು ತಿರುಗಿಸಿ ಕಳಿಸಿದ ಮೇಲೂ ಆ ಕೈ ಒಂದು ಗಳಿಗೆ ಹಾಗೆಯೇ ಇತ್ತು. ಆಮೇಲೆ ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡು, ಏನು ಮಾಡಬೇಕೋ ತಿಳಿಯದೆ, ಮೊಣಕಾಲಿಗೆ ಒರೆಸಿಕೊಂಡರು. ಯಾರ ಸಲುವಾಗಿ ಅವ್ವನನ್ನು ಅಟ್ಟಿದನೋ ಅವರೇ ಕೈ ಚಾಚಿ ಕೂತಿದ್ದರು. ಕುಬೇರಪ್ಪನಿಗೆ ಅದನ್ನು ಅಕ್ಕ ನೋಡಿದಳೇ ಎಂಬುದೊಂದೇ ಚಿಂತೆಯಾಯಿತು. ಅವಳು ನೋಡಿರಲಿಲ್ಲ. ಅವಳ ಕಣ್ಣು ಅವ್ವನನ್ನು ಬಿಟ್ಟು ಆಚೆ ಹೋಗಿರಲಿಲ್ಲ.

"ಸಿಕ್ತು, ಉಸುರು ಹಿಡೀರಿ" ಎಂದ ಕಾಸೀಮಸಾಬ, ಟಿವಿಯೊಳಗಿನ ರೇವವ್ವ ಅಲುಗಾಡಿಯಾಳು ಎಂಬಂತೆ. ಗೆರೆ ಕೆಳಕ್ಕೆ, ಸೆರಗಿನ ಅಂಚಿಗೆ ಇಳಿದಿತ್ತು. ಮುಖ ಪೂರಾ ಕಾಣುತ್ತಿತ್ತು, ಕತ್ತು ಸ್ವಲ್ಪ ಎತ್ತಿ ಮಗನ ಕಡೆ ನೋಡುತ್ತಿತ್ತು. ತುಟಿಯ ಮೇಲಿನ ನಗು ಇನ್ನೂ ಹೋಗಿರಲಿಲ್ಲ. ಕಣ್ಣಿಗೆ ಮಾತು ಮುಟ್ಟಿಯಾಗಿತ್ತು. ಶಟರು ಸಾವಕಾಶವಾಗಿ ತೆರೆದು ಮುಚ್ಚಿಕೊಂಡಿತು. ಇನ್ನೊಮ್ಮೆ. ಮತ್ತೂ ಒಮ್ಮೆ.

"ಇದು ಅವ್ವ" ಎಂದಳು ಗುರವ್ವ. ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ, "ಸಾಬ್ರ, ಆಕೀ ಮಾತನ್ನ ಟೇಪಿನ ಕ್ಯಾಸೆಟ್ಟಿನಾಗ ತುಂಬಿ ಕೊಡಾಕ ಬರತೈತೇನು? ನಮ್ಮ ಮನ್ಯಾಗ ಟೇಪ್ ಐತಿ."

"ಬರತೈತ್ರಿ. ವಾಯರ್ ಇಲ್ಲೇ ಐತಿ."

"ಇಂವನ ಮಾತು ತಗದ ಬಿಡ್ರಿ. ಅವ್ವನದಷ್ಟ ಸಾಕು."

ಅದು ಕರುಣೆಯೋ ಶಿಕ್ಷೆಯೋ ಕುಬೇರಪ್ಪನಿಗೆ ತಿಳಿಯಲಿಲ್ಲ. ಕಾಸೀಮಸಾಬ ತಲೆ ಅಲ್ಲಾಡಿಸಿದ. "ಅದು ಆಗೂದಿಲ್ರಿ. ಇವರ ಮಾತು ಮುಗಿಯೂಕಿಂತ ಮೊದಲ ಆಯಿ ಸುರು ಮಾಡ್ಯಾರ. ಒಂದರ ಮ್ಯಾಲೊಂದು ಕುಂತಾವು. ಇವರದು ಕತ್ತರಿಸಿದ್ರ ಆಯೀದು 'ಬಂದೆ' ಅನ್ನೂದಷ್ಟ ಉಳೀತೈತಿ."

"ಹಂಗಾದ್ರ ಎರಡೂ ಇರ್ಲಿ" ಎಂದು ಗುರವ್ವ ಎದ್ದಳು. "ಆರಾಧನಿ ದಿನ ಎಲ್ಲಾರೂ ಕೂಡಿದಾಗ ಹಚ್ಚೂಣು. ಮೊಮ್ಮಕ್ಕಳು, ಬೀಗರು, ಸ್ವಾಮಿಗಳು ಕೇಳಲಿ. ಮಂದಿಗೆ ಫೋಟೋ ಇರತಾವು, ದನಿ ಯಾರಿಗೈತಿ?"

ಅವಳ ಮುಖದಲ್ಲಿ ಕುಟಿಲವೇನೂ ಕಾಣಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಒಳಗಿನಿಂದ ಕಾಸೀಮಸಾಬನ ಹೆಂಡತಿ ಸುಗರಾಬಿ ಪರದೆ ಸರಿಸಿ, "ಬರ್ರಿ ಅಕ್ಕಾರ, ಮಾರಿ ತೊಳಕೋರಿ, ಚಾ ಇಟ್ಟೀನಿ" ಎಂದು ಕರೆದಳು. ಗುರವ್ವ ಹೋದಳು.

ಪರದೆ ಅಲುಗಾಡುವುದು ನಿಲ್ಲುವ ತನಕ ಕುಬೇರಪ್ಪ ಕಾದ. ಅವನ ತಲೆ ಈಗ ಸೊಸೈಟಿಯಲ್ಲಿದ್ದಾಗಿನಷ್ಟೇ ಚುರುಕಾಗಿ ಓಡುತ್ತಿತ್ತು. ಮಠದ ಮುಂದಿನ ಪೆಂಡಾಲು, ಸ್ವಾಮಿಗಳು ತಾಯಿಯನ್ನು ದೇವರ ಹಾಗೆ ಎಂದು ಮುಗಿಸಿದ್ದಾರೆ, ಗುರವ್ವ ಟೇಪಿನ ಗುಂಡಿ ಒತ್ತುತ್ತಾಳೆ. ಮುಂದಿನ ಸಾಲಿನಲ್ಲಿ ಶಂಭುಲಿಂಗಪ್ಪನವರು.

"ಸಾಬ್ರ, ಆ ತುಕಡಾ ಅಳಿಸಿ ಬಿಡ್ರಿ."

ಕಾಸೀಮಸಾಬ ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದ. "ರೋಲ್ ತೊಳದು ನೋಡೋತನಾ ತಡೀರಿ. ಫೋಟೋ ಬರದ ಹೋದ್ರ ಮತ್ತ ಹೊಳ್ಳಿ ತಗಿಯಾಕ ಏನೂ ಉಳಿಯೂದಿಲ್ಲ."

"ಬರತೈತಿ. ಮೂರು ಸಲ ತಗದೀರಲ್ಲ. ಈಗ ಅಳಿಸ್ರಿ, ಆಕಿ ಬರೂದರಾಗ."

"ನಮ್ಮವ್ವನ ದನಿ ಹಿಂಗ ಎಲ್ಲೆರೆ ಇದ್ದಿದ್ರ…" ಎಂದು ಕಾಸೀಮಸಾಬ ಮಾತು ನುಂಗಿದ. ದೇವಿಕೊಪ್ಪದ ಮದುವೆಗಳು ಅವನಿಗೆ ಬೇಕಾಗಿದ್ದವು. ಸೆಕ್ರೆಟರಿಯ ಮಾತಿನ ಮೇಲೆ ಅಲ್ಲಿ ನಾಲ್ಕು ಮನೆಯವರು ಕರೆಯುತ್ತಿದ್ದರು. ಕ್ಯಾಸೆಟ್ಟನ್ನು ಸರಿಯಾದ ಜಾಗಕ್ಕೆ ಹಿಂದೆ ಓಡಿಸಿ ನಿಲ್ಲಿಸಿದ. "ನಿಮ್ಮ ಮಾಲು ನಿಮ್ಮ ಖುಷಿ. ಆದರ ನಾ ಒತ್ತೂದಿಲ್ರಿ. ಈ ಕೆಂಪು ಗುಂಡಿ, ಅದರ ಬಾಜೂಕಿಂದು. ಎರಡೂ ಕೂಡೇ ಒತ್ರಿ."

ಕುಬೇರಪ್ಪ ಬಾಗಿ ಎರಡು ಬೆರಳಿಂದ ಎರಡೂ ಗುಂಡಿ ಒತ್ತಿದ. ಅಳಿಯುವಾಗ ಕೊನೆಯ ಸಲ ಒಮ್ಮೆ ಕೇಳಿಸುತ್ತದೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಟಿವಿಯ ತುಂಬ ಬಿಳಿ ಕಪ್ಪು ಚುಕ್ಕೆಗಳು ಕುದಿಯುತ್ತಿದ್ದವು, ಒಳಗೆ ರೀಲು ತಿರುಗುವ ಸಣ್ಣ ಸಪ್ಪಳ. ಇದೀಗ ಪಾತ್ರೆ, ಇದೀಗ ಕೂಸಿನ ಅಳು, ಇದೀಗ ತನ್ನ ಮಾತು ಎಂದು ಅಂದಾಜು ಹಾಕಿದ. ಇದೀಗ ಅವಳದು ಎನ್ನುವ ಹೊತ್ತಿಗೆ ಕೈ ತಾನಾಗಿ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಅಲ್ಲಿಯೇ ಇತ್ತು. ಒಂದರ ಮೇಲೊಂದು ಕುಂತಾವು ಎಂದು ನೆನಪಾಗಿ ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮೊಣಕಾಲಿಗೆ ಒರೆಸಿಕೊಂಡ. ಚೂರುಪಾರು ಉಳಿಯಬಾರದೆಂದು ಬೇಕಾದುದಕ್ಕಿಂತ ಹೆಚ್ಚೇ ಓಡಲು ಬಿಟ್ಟ.

ಗುರವ್ವ ಒದ್ದೆ ಮುಖವನ್ನು ಸೆರಗಿನಿಂದ ಒತ್ತಿಕೊಳ್ಳುತ್ತ ಬಂದಾಗ ಟಿವಿ ಬಂದ್ ಆಗಿತ್ತು.

"ತುಂಬಿದ್ರೇನ್ರಿ?"

"ರೀಲು ಸವದು ಹೋಗಿತ್ತಂತಕ್ಕ" ಎಂದ ಕುಬೇರಪ್ಪ. "ಅಷ್ಟು ಸಲಾ ನಿಂದರಿಸಿದ್ವಿ ನೋಡು. ಕಡೀ ಸಲಕ್ಕ ಸುತ್ತಗೊಂಡು ಬಿಡ್ತು. ಬರೇ ಬಿಳೀ ಬರಾಕತ್ತೈತಿ. ನಾನೂ ಭಾಳ ನೋಡಿದೆ."

ಗುರವ್ವ ಕಾಸೀಮಸಾಬನನ್ನು ನೋಡಿದಳು. ಅವನು ಕ್ಯಾಮರಾದ ಮುಚ್ಚಳ ಹುಡುಕುತ್ತಿದ್ದ. ಅದು ಅವನ ಎಡಗೈಯಲ್ಲಿಯೇ ಇತ್ತು. ಆಮೇಲೆ ತಮ್ಮನ ಹತ್ತಿರ ಬಂದು, ಅವನ ಅಂಗಿಯ ಕಾಲರು ಒಂದು ಬದಿ ಮಡಚಿತ್ತು, ಅದನ್ನು ಸರಿಮಾಡಿದಳು.

"ಹೋಗಲಿ ಬಿಡು" ಎಂದಳು. "ಬಸ್ಸಿನ ಹೊತ್ತಾತು. ಹೋಗೂಣು."

ಫೋಟೋ ಚೆನ್ನಾಗಿಯೇ ಬಂತು. ತೋಳು ಹಿಡಿದ ಕೈಯನ್ನು ಕಾಸೀಮಸಾಬ ಬಣ್ಣ ಹಚ್ಚಿ ಸೆರಗು ಮಾಡಿದ, ಹಿಂದೆ ನೀಲಿ ಆಕಾಶ ಹಾಕಿದ. ಆರಾಧನೆಯ ದಿನ ಹೂವಿನ ನಡುವೆ ಇಟ್ಟಾಗ ನೋಡಿದವರೆಲ್ಲ ಎಂಥಾ ಶಾಂತ ಮುಖ, ಮಗನ ಕೈಯಾಗ ಸುಖಾ ಪಟ್ಟ ಜೀವ ಅಂದರು. ಸ್ವಾಮಿಗಳು ಹೇಳಬೇಕಾದದ್ದನ್ನು ಹೇಳಿದರು. ಗುರವ್ವ ಮೂಲೆಯಲ್ಲಿ ಕೂತು ಕೇಳಿ, ಊಟಕ್ಕೆ ಬಂದವರಿಗೆ ತುಪ್ಪ ನೀಡಿ, ಮರುದಿನ ಯಮನೂರಿಗೆ ಹೋದಳು. ಕ್ಯಾಸೆಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಆ ವರ್ಷದ ನಾಗರಪಂಚಮಿಗೂ ಬರಲಿಲ್ಲ, ಮರುವರ್ಷಕ್ಕೂ ಬರಲಿಲ್ಲ; ಕಾಲು ನೋವೆಂದು ಹೇಳಿಕಳಿಸಿದಳು.

ಕುಬೇರಪ್ಪ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಫೋಟೋದ ಎದುರಿಗೆ ನಿಲ್ಲುತ್ತಾನೆ. ನಿಲ್ಲುವ ಜಾಗ ಒಂದೇ. ಎಲ್ಲಿ ನಿಂತರೆ ಅವ್ವ ನೇರ ತನ್ನನ್ನು ನೋಡುವುದಿಲ್ಲವೋ ಅಲ್ಲಿ. ಅವಳ ಮಾತು ಅವನಿಗೆ ಅಕ್ಷರಾಕ್ಷರ ನೆನಪಿದೆ. ದನಿ ಮಾತ್ರ ಬರುವುದಿಲ್ಲ. ಎಷ್ಟು ಪ್ರಯತ್ನ ಮಾಡಿದರೂ ತುಪ್ಪಾ ಆರತೈತಪಾ ಎಂಬುದು ಅವನದೇ ದನಿಯಲ್ಲಿ, ಮೂಗಿನಿಂದ ಬರುವ ಆ ತೆಳ್ಳಗಿನ ದನಿಯಲ್ಲಿ ಕೇಳಿಸುತ್ತದೆ. ಅವನಿಗೆ ಉಳಿದದ್ದು ಒಂದು ಒಳ್ಳೆಯ ಫೋಟೋ ಮತ್ತು ಊರಿನಲ್ಲಿ ಮೊದಲಿನ ಹೆಸರು. ರೇವವ್ವನ ದನಿ ಹೋಯಿತು, ಅಕ್ಕ ಬರುವುದನ್ನು ಬಿಟ್ಟಳು.